ಜಪಾನಿನ ಸುದ್ದಿ ಶಿರಸಿಯ ಮನೆಗೆ ಬಂದಾಗ: ಬೆನ್ನುಹುರಿ ಪೆಟ್ಟು ಮತ್ತು ಸ್ಟೆಮ್ ಸೆಲ್ ಚಿಕಿತ್ಸೆ, ಒಂದು ಪ್ರಕರಣ

ಹೆಸರು, ಊರು, ಮನೆಯವರ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಕುಟುಂಬದವರನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾನು ಶಿರಸಿ ಸುತ್ತಮುತ್ತ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಬೆನ್ನುಹುರಿಗೆ ಪೆಟ್ಟಾದವರ ಮನೆಗೆ ಹೋದರೆ ಕಷಾಯ ಕೊಡುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ಸ್ಟೆಮ್ ಸೆಲ್ ಮಾಡಿಸಿದ್ರೆ ನಡೀತಾರಾ ಮೇಡಂ?" ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ತಾಯಿಕೋಶ. ಈ ಕುಟುಂಬ ಆ ಪ್ರಶ್ನೆಗೆ ಹೇಗೆ ಉತ್ತರ ಹುಡುಕಿತು ಅನ್ನುವುದು ಬೇರೆ ಮನೆಗಳಿಗೂ ಉಪಯೋಗವಾಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಹಿನ್ನೆಲೆ

ಅವರನ್ನು ಮಂಜಣ್ಣ ಅನ್ನೋಣ. ವಯಸ್ಸು 43. ಹದಿನೈದು ಗುಂಟೆ ಸ್ವಂತ ಅಡಿಕೆ ತೋಟ, ಉಳಿದಂತೆ ಬೇರೆಯವರ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನ ಕೆಲಸ. ಚಳಿಗಾಲದಲ್ಲಿ ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯುವುದು. ಮನೆಯಲ್ಲಿ ಹೆಂಡತಿ, ಡಿಗ್ರಿ ಓದುವ ಮಗಳು, ಹೈಸ್ಕೂಲಿಗೆ ಹೋಗುವ ಮಗ.

2024ರ ಜುಲೈ. ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ಮದ್ದು ಹೊಡೆಯಲು ಮರ ಹತ್ತಿದ್ದರು. ಪಾಚಿ ಹಿಡಿದ ಮರ, ಹತ್ತಲು ಕಾಲಿಗೆ ಹಾಕಿಕೊಳ್ಳುವ ತಳೆ ಜಾರಿತು. ಸುಮಾರು 30 ಅಡಿ ಮೇಲಿಂದ ಬಿದ್ದರು. ಪ್ರಜ್ಞೆ ತಪ್ಪಲಿಲ್ಲ. "ಕಾಲು ನಂದಲ್ಲ ಅನ್ನಿಸ್ತದೆ" ಅಂತ ಹೇಳಿದ್ದು ಜೊತೆಗಿದ್ದವರಿಗೆ ಈಗಲೂ ನೆನಪಿದೆ. ತೋಟದಿಂದ ರಸ್ತೆಗೆ ಬರಲು ಕಾಲುಸಂಕ ದಾಟಬೇಕು. ಕಂಬಳಿಯಲ್ಲಿ ಹೊತ್ತು ತಂದು, ಓಮ್ನಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದರು. ಬೆನ್ನು ಮುರಿದಿರಬಹುದು ಅನ್ನಿಸಿದವರನ್ನು ಹೀಗೆ ಮಡಚಿ ಕೂರಿಸಬಾರದು. ಒಂದು ಬಾಗಿಲ ಹಲಗೆ ಸಾಕು, ಅದರ ಮೇಲೆ ನೇರವಾಗಿ ಮಲಗಿಸಿ ಕಟ್ಟಿಕೊಂಡು ಒಯ್ಯಬೇಕು. ಪ್ರತಿ ತೋಟದ ಮನೆಯಲ್ಲೂ ಇದು ಗೊತ್ತಿರಬೇಕಾದ ವಿಷಯ.

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದಾರೆ. ಇಂಥ ಪೆಟ್ಟಾದರೆ ಈಗಲೂ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಂತಲೇ ಓಡಬೇಕು. ಹುಬ್ಬಳ್ಳಿಯಲ್ಲಿ ಎರಡನೇ ದಿನ ಆಪರೇಷನ್ ಆಯಿತು. ರಾಡು, ಸ್ಕ್ರೂ ಹಾಕಿ ಮೂಳೆ ಕೂರಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದು: ಡಿ-10 ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು, ಎಐಎಸ್ ಎ.

ಎಐಎಸ್ ಅಂದರೆ ಬೆನ್ನುಹುರಿಯ ಪೆಟ್ಟು ಎಷ್ಟು ಅಂತ ಅಳೆಯುವ ಕ್ರಮ. ಎ ಯಿಂದ ಇ ವರೆಗೆ ಐದು ಮೆಟ್ಟಿಲು. ಪೆಟ್ಟಿನ ಕೆಳಗೆ ಚಲನೆಯೂ ಇಲ್ಲ, ಗುದದ ಸುತ್ತ ಸ್ಪರ್ಶವೂ ಗೊತ್ತಾಗುವುದಿಲ್ಲ ಅಂದರೆ ಎ. ಎಲ್ಲ ಸರಿಯಿದ್ದರೆ ಇ. ಡಿ-10 ಅಂದರೆ ಹೊಕ್ಕುಳಿನ ಮಟ್ಟ. ಕೈ, ಎದೆ, ಉಸಿರು ಚೆನ್ನಾಗಿರುತ್ತವೆ. ಹೊಕ್ಕುಳಿನ ಕೆಳಗೆ ಏನೂ ಗೊತ್ತಾಗುವುದಿಲ್ಲ, ಮೂತ್ರ ಮತ್ತು ಮಲದ ಮೇಲೆ ಹಿಡಿತವಿರುವುದಿಲ್ಲ. ಈ ಚೀಟಿಯ ಅರ್ಥವನ್ನು ಮನೆಯವರಿಗೆ ಯಾರೂ ಕೂತು ಹೇಳಿರಲಿಲ್ಲ. "ಆರು ತಿಂಗಳು ನೋಡೋಣ" ಅನ್ನುವ ಒಂದು ಮಾತು ಹಿಡಿದುಕೊಂಡು ಮನೆಗೆ ಬಂದಿದ್ದರು.

ಸಮಸ್ಯೆ ಶುರುವಾದದ್ದು

ನಾನು ಮೊದಲು ಹೋದಾಗ ಮಂಜಣ್ಣ ಜಗಲಿಯ ಮಂಚದ ಮೇಲೆ ಮಲಗಿದ್ದರು. ಮೂತ್ರಕ್ಕೆ ಪೈಪ್ ಖಾಯಂ ಹಾಕಿಯೇ ಇತ್ತು. ಹತ್ತಿ ಹಾಸಿಗೆ, ಅದರ ಮೇಲೆ ಪ್ಲಾಸ್ಟಿಕ್ ಶೀಟು. ಮಗ್ಗುಲು ಬದಲಿಸಿ ನೋಡಿದರೆ ಬಾಲಮೂಳೆಯ ಮೇಲೆ ಅಂಗೈ ಅಗಲದ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಅಂಚು ಕಪ್ಪಾಗಿತ್ತು. ಅವರಿಗೆ ನೋವೇ ಇಲ್ಲ. ನೋವಿಲ್ಲದ್ದರಿಂದಲೇ ಯಾರಿಗೂ ಗೊತ್ತಾಗಿರಲಿಲ್ಲ. ಹೆಂಡತಿ ದಿನಾ ಬೆನ್ನು ಒರೆಸುತ್ತಿದ್ದರು, ಅಷ್ಟು ಕೆಳಗೆ ನೋಡಬೇಕು ಅಂತ ಅವರಿಗೆ ಯಾರು ಹೇಳಿದ್ದರು?

ಎರಡು ತಾಸಿಗೊಮ್ಮೆ ಮಗ್ಗುಲು, ವಾಟರ್ ಬೆಡ್, ದಿನಾ ಡ್ರೆಸಿಂಗ್. ಹುಣ್ಣು ತುಂಬ ನಿಧಾನಕ್ಕೆ ಮುಚ್ಚುತ್ತಿತ್ತು. ಇದರ ನಡುವೆ 2025ರ ಮಾರ್ಚ್ ಬಂತು. ಗೋವಾದಲ್ಲಿ ಕೆಲಸದಲ್ಲಿರುವ ಭಾವ, ಅಂದರೆ ಮಂಜಣ್ಣನ ಅಕ್ಕನ ಗಂಡ, ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳಿಸಿದರು. ಜಪಾನಿನಲ್ಲಿ ಬೆನ್ನುಹುರಿ ಪೆಟ್ಟಾದವರೊಬ್ಬರು ಸ್ಟೆಮ್ ಸೆಲ್ ಹಾಕಿಸಿಕೊಂಡು ಎದ್ದು ನಿಂತಿದ್ದಾರೆ ಅಂತ. ಎರಡು ದಿನ ಬಿಟ್ಟು ಇನ್ನೊಂದು ವಿಡಿಯೋ ಬಂತು. ಅದು ಬೇರೆ ರಾಜ್ಯದ ದೊಡ್ಡ ನಗರವೊಂದರ ಖಾಸಗಿ ಕೇಂದ್ರದ್ದು. "ಅದೇ ನ್ಯೂರಲ್ ಸ್ಟೆಮ್ ಸೆಲ್ ಚಿಕಿತ್ಸೆ ಈಗ ನಮ್ಮಲ್ಲೂ" ಅಂತ ಅದರಲ್ಲಿತ್ತು. ಒಂದು ಡೋಸ್‌ಗೆ 2 ಲಕ್ಷ ರೂಪಾಯಿ, ಮೂರು ಡೋಸ್ ಬೇಕು.

ಆ ಹೊತ್ತಿಗೆ ಊರವರು ಒಟ್ಟುಗೂಡಿಸಿದ 1 ಲಕ್ಷ 85 ಸಾವಿರ ರೂಪಾಯಿ ಕೈಯಲ್ಲಿತ್ತು. ಮಂಜಣ್ಣ ಯಾರ ಯಾರ ತೋಟದಲ್ಲಿ ಮರ ಹತ್ತಿದ್ದರೋ ಅವರೆಲ್ಲ ಕೊಟ್ಟಿದ್ದರು. ಉಳಿದಿದ್ದಕ್ಕೆ ತೋಟ ಅಡವಿಟ್ಟು ಸೊಸೈಟಿಯಲ್ಲಿ ಸಾಲ ತೆಗೆಯುವ ಮಾತು ನಡೆಯಿತು. ಮಂಜಣ್ಣ ನನ್ನನ್ನು ಕೇಳಿದರು, "ನೀವೆಂತ ಹೇಳ್ತ್ರಿ?"

ಹೂಂ ಅನ್ನಲೂ ಆಗುವುದಿಲ್ಲ, ಉಹೂಂ ಅನ್ನಲೂ ಆಗುವುದಿಲ್ಲ ಅನ್ನುವ ಪ್ರಶ್ನೆ ಅದು. ಜಪಾನಿನ ಸುದ್ದಿ ಸುಳ್ಳಲ್ಲ. ಸುಳ್ಳಾಗಿದ್ದರೆ ಕೆಲಸ ಸುಲಭ ಇತ್ತು.

ಜಪಾನಿನಲ್ಲಿ ನಡೆದದ್ದು ಏನು

ಮಗಳು ಸೈನ್ಸ್ ಓದುವವಳು. "ಮೊದಲು ಅಲ್ಲಿ ಏನಾಯ್ತು ಅಂತ ಓದೋಣ, ಆಮೇಲೆ ಮಾತಾಡೋಣ" ಅಂದೆ. ಇಬ್ಬರೂ ಕೂತು ಓದಿದೆವು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಕೆಲಸ ಇದೇ ಅಂತ ಈಗ ಅನ್ನಿಸುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟೋಕಿಯೋದ ಕೀಯೋ ವಿಶ್ವವಿದ್ಯಾಲಯದಲ್ಲಿ ಹಿಡೆಯುಕಿ ಒಕಾನೊ ಮತ್ತು ಮಸಾಯಾ ನಕಾಮುರಾ ಅವರ ತಂಡ ಈ ಕೆಲಸ ಮಾಡಿದ್ದು. ದೊಡ್ಡವರ ದೇಹದ ಸಾಮಾನ್ಯ ಜೀವಕೋಶವನ್ನು ಹಿಂದಕ್ಕೆ ತಿರುಗಿಸಿ, ಯಾವ ಬಗೆಯ ಕೋಶವೂ ಆಗಬಲ್ಲ ಎಳೆಯ ಸ್ಥಿತಿಗೆ ತರುವುದು ಸಾಧ್ಯ. ಇವನ್ನು ಐಪಿಎಸ್ ಕೋಶ ಅನ್ನುತ್ತಾರೆ. ಇದನ್ನು ಕಂಡುಹಿಡಿದ ಶಿನ್ಯಾ ಯಮನಾಕಾ ಅವರಿಗೆ 2012ರಲ್ಲಿ ನೊಬೆಲ್ ಬಂತು. ಅಂಥ ಐಪಿಎಸ್ ಕೋಶದಿಂದ ಪ್ರಯೋಗಾಲಯದಲ್ಲಿ ನರಕೋಶಗಳ ತಾಯಿಕೋಶ ಬೆಳೆಸಿ, ಸುಮಾರು 20 ಲಕ್ಷ ಕೋಶಗಳನ್ನು ಪೆಟ್ಟಾದ ಬೆನ್ನುಹುರಿಯೊಳಗೇ ಆಪರೇಷನ್ ಮಾಡಿ ಹಾಕಿದರು. ಮೊದಲ ರೋಗಿಗೆ ಹಾಕಿದ್ದು 2021ರ ಡಿಸೆಂಬರ್‌ನಲ್ಲಿ. ಒಟ್ಟು ನಾಲ್ವರು. ನಾಲ್ವರೂ ಎಐಎಸ್ ಎ.

2025ರ ಮಾರ್ಚ್‌ನಲ್ಲಿ ತಂಡ ಹೇಳಿದ್ದು ಇಷ್ಟು: ಒಂದು ವರ್ಷದ ನಂತರ ನಾಲ್ವರಲ್ಲಿ ಇಬ್ಬರಿಗೆ ಸುಧಾರಣೆ ಆಗಿದೆ. ಒಬ್ಬರು ಆಸರೆಯಿಲ್ಲದೆ ನಿಂತು, ನಡೆಯುವ ಅಭ್ಯಾಸ ಮಾಡುತ್ತಿದ್ದಾರೆ. ಇನ್ನೊಬ್ಬರಿಗೆ ಸ್ವಲ್ಪ ಚಲನೆ ಬಂದಿದೆ. ಉಳಿದಿಬ್ಬರಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಗಂಭೀರ ಅಡ್ಡಪರಿಣಾಮ ಕಂಡಿಲ್ಲ.

ಮಗಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಈ ನಾಲ್ವರಿಗೂ ಕೋಶ ಹಾಕಿದ್ದು ಪೆಟ್ಟಾದ 14ರಿಂದ 28 ದಿನಗಳ ಒಳಗೆ. "ಅಪ್ಪಂಗೆ ಎಂಟು ತಿಂಗಳಾತು ಮೇಡಂ" ಅಂದಳು.

ದಿನಗಳ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದರೆ, ಪೆಟ್ಟಾದ ಮೊದಲ ಕೆಲವು ದಿನ ಬೆನ್ನುಹುರಿಯಲ್ಲಿ ಬಾವು ಇರುತ್ತದೆ. ಆಗ ಹೊಸ ಕೋಶ ಹಾಕಿದರೆ ಉಳಿಯುವುದು ಕಷ್ಟ. ವಾರಗಳು ಕಳೆದ ಮೇಲೆ ಅಲ್ಲಿ ಗಟ್ಟಿ ಕಲೆ ಕಟ್ಟುತ್ತದೆ, ಒಳಗೆ ಟೊಳ್ಳಾಗುತ್ತದೆ, ನರದ ಎಳೆಗಳು ಅದನ್ನು ದಾಟಿ ಬೆಳೆಯುವುದಿಲ್ಲ. ಈ ಎರಡರ ನಡುವಿನ ಸಣ್ಣ ಅವಧಿಯನ್ನೇ ಅವರು ಆರಿಸಿಕೊಂಡಿದ್ದು. ಹೊಸ ಕೋಶಗಳಿಂದ ನಿರೀಕ್ಷಿಸುವುದು ಮುಖ್ಯವಾಗಿ ಮೂರು ಕೆಲಸ. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ಕಿನಂತೆ ನರದ ಎಳೆಯ ಮೇಲೆ ಇರುವ ಮಯಲಿನ್ ಪದರವನ್ನು ಮತ್ತೆ ಸುತ್ತುವುದು, ಮೇಲಿನ ಮತ್ತು ಕೆಳಗಿನ ನರಗಳ ನಡುವೆ ಹೊಸ ಕೊಂಡಿಯಾಗುವುದು, ಮತ್ತು ಉಳಿದ ನರಗಳನ್ನು ಕಾಯುವ ರಸಗಳನ್ನು ಬಿಡುವುದು. ಇದೆಲ್ಲ ನಡೆಯಲು ಜಾಗ ಅದಕ್ಕೆ ತಕ್ಕಂತೆ ಇರಬೇಕು.

ಹಾಗಾದರೆ ಹಳೆಯ ಪೆಟ್ಟಿಗೆ ಯಾರೂ ಪ್ರಯತ್ನ ಮಾಡಿಲ್ವಾ? ಮಾಡಿದ್ದಾರೆ. ಅಮೆರಿಕದ ಸ್ಟೆಮ್‌ಸೆಲ್ಸ್ ಎಂಬ ಕಂಪನಿ 2011ರಲ್ಲಿ ಜ್ಯೂರಿಕ್‌ನಲ್ಲಿ ನರದ ಸ್ಟೆಮ್ ಸೆಲ್ ಹಾಕಲು ಶುರು ಮಾಡಿತು. ಕೆಲವರಿಗೆ ಸ್ಪರ್ಶ ಸ್ವಲ್ಪ ಮರಳಿತು. ಕುತ್ತಿಗೆ ಪೆಟ್ಟಿನವರ ಮೇಲೆ ಮುಂದಿನ ಪರೀಕ್ಷೆ ಮಾಡಿದಾಗ ಫಲ ಸಾಕಷ್ಟು ಕಾಣದೆ 2016ರಲ್ಲಿ ನಿಲ್ಲಿಸಿದರು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎದೆಮಟ್ಟದ ಹಳೆಯ ಪೆಟ್ಟಿದ್ದ ನಾಲ್ವರಿಗೆ ಹಾಕಿ 2018ರಲ್ಲಿ ವರದಿ ಮಾಡಿದರು. ಅಪಾಯ ಆಗಲಿಲ್ಲ, ಸಣ್ಣಪುಟ್ಟ ಬದಲಾವಣೆ ಕಂಡವು, ಯಾರೂ ನಡೆಯಲಿಲ್ಲ. ನನಗೆ ಇವೆಲ್ಲ ಸೋಲು ಅಂತ ಅನ್ನಿಸುವುದಿಲ್ಲ. ಮೊದಲು ಹಾನಿ ಆಗುವುದಿಲ್ಲ ಅಂತ ತೋರಿಸಬೇಕು, ಆಮೇಲೆ ಗುಣದ ಮಾತು. ಆ ಕೆಲಸ ಪ್ರಾಮಾಣಿಕವಾಗಿ ನಡೆಯುತ್ತಿದೆ.

ಫೋನ್ ಕರೆ

ಮಗಳು ಆ ಖಾಸಗಿ ಕೇಂದ್ರಕ್ಕೆ ಫೋನ್ ಮಾಡಿದಳು, ಸ್ಪೀಕರ್ ಹಾಕಿ. ನಾವೆಲ್ಲ ಮಂಚದ ಸುತ್ತ ಕೂತಿದ್ದೆವು. ಆ ಕಡೆಯವರು ಬಹಳ ನಯವಾಗಿ ಮಾತಾಡಿದರು.

ಕೋಶ ಎಲ್ಲಿಂದ ತೆಗೆಯುತ್ತೀರಿ ಅಂತ ಕೇಳಿದಳು. ರೋಗಿಯ ಸೊಂಟದ ಮೂಳೆಯ ಮಜ್ಜೆಯಿಂದ, ಅಂದರು. ಎಲ್ಲಿಗೆ ಹಾಕುತ್ತೀರಿ? ಸೊಂಟಕ್ಕೆ ಸೂಜಿ ಚುಚ್ಚಿ ಬೆನ್ನುಹುರಿಯ ನೀರಿಗೆ ಬಿಡುತ್ತೇವೆ, ಆಪರೇಷನ್ ಬೇಕಿಲ್ಲ, ಮೂರೇ ದಿನದಲ್ಲಿ ಮನೆಗೆ. ಅಲ್ಲಿಗೇ ಒಂದು ವಿಷಯ ಸ್ಪಷ್ಟವಾಯಿತು. ಮಜ್ಜೆಯಲ್ಲಿ ಇರುವುದು ರಕ್ತ ಮತ್ತು ಮೂಳೆ-ಕೊಬ್ಬು ಮಾಡುವ ತಾಯಿಕೋಶಗಳು. ಜಪಾನಿನಲ್ಲಿ ಹಾಕಿದ್ದು ನರದ ತಾಯಿಕೋಶ. ಕೋಶವೂ ಬೇರೆ, ಹಾಕುವ ಜಾಗವೂ ಬೇರೆ, ಹಾಕುವ ಸಮಯವೂ ಬೇರೆ. ವಿಡಿಯೋದಲ್ಲಿ ಮಾತ್ರ ಎರಡೂ ಒಂದೇ.

ಟ್ರಯಲ್ ನೋಂದಣಿ ನಂಬರ್ ಕೊಡಿ ಅಂದಳು. ಭಾರತದಲ್ಲಿ ಮನುಷ್ಯರ ಮೇಲೆ ಹೊಸ ಚಿಕಿತ್ಸೆ ಪರೀಕ್ಷಿಸುವವರು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಾಯಿಸಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಕೇಂದ್ರದವರು ವಾಟ್ಸಾಪಿನಲ್ಲಿ ಒಂದು ಸರ್ಟಿಫಿಕೇಟ್ ಕಳಿಸಿದರು. ಅದು ಐಎಸ್‌ಒ ಪ್ರಮಾಣಪತ್ರ. ಟ್ರಯಲ್‌ಗೂ ಅದಕ್ಕೂ ಸಂಬಂಧವಿಲ್ಲ. ನೋಂದಣಿ ನಂಬರ್ ಇದ್ದರೂ ಅಷ್ಟಕ್ಕೇ ನಂಬಿಬಿಡುವ ಹಾಗಿಲ್ಲ, ಔಷಧ ನಿಯಂತ್ರಕರ ಅನುಮತಿ ಮತ್ತು ಎಥಿಕ್ಸ್ ಸಮಿತಿಯ ಒಪ್ಪಿಗೆ ಕೇಳಬೇಕು. ಇಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲೇ ಇಲ್ಲ.

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಜ್ಜೆ ಕಸಿ ಮಾಡುವುದು ಒಪ್ಪಿತ ಚಿಕಿತ್ಸೆ. ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಕೊಡುವ ಹಾಗಿಲ್ಲ, ಒಪ್ಪಿಗೆ ಪಡೆದ ಪರೀಕ್ಷೆಯೊಳಗೆ ಮಾತ್ರ ಕೊಡಬಹುದು. ಪರೀಕ್ಷೆಯಲ್ಲಿರುವ ಚಿಕಿತ್ಸೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಡೋಸಿಗೆ ಇಷ್ಟು ಅಂತ ರೇಟ್ ಹೇಳಿದ ಕೂಡಲೇ ಅದು ಪರೀಕ್ಷೆ ಅಲ್ಲ ಅಂತ ತಿಳಿಯಬೇಕು.

ಕೊನೆಗೆ ಮಂಜಣ್ಣನ ಹೆಂಡತಿ ಬಾಗಿ ಫೋನಿನ ಹತ್ತಿರ ಹೇಳಿದರು, "ಅವ್ರಿಗೆ ಬೆನ್ನ ಕೆಳಗೆ ಹುಣ್ಣಿದೆ. ಇನ್ನೂ ವಾಸಿ ಆಗ್ಲಿಲ್ಲ."

"ಏನೂ ತೊಂದ್ರೆ ಇಲ್ಲಮ್ಮ, ಕರ್ಕೊಂಡು ಬನ್ನಿ" ಅಂತ ಉತ್ತರ ಬಂತು.

ಮರುದಿನ ನಾನು ಹುಬ್ಬಳ್ಳಿಯ ವೈದ್ಯರೊಬ್ಬರನ್ನು ಕೇಳಿದೆ. ಸೋಂಕಿರುವ ಗಾಯದ ಹತ್ತಿರ ಬೆನ್ನಿಗೆ ಸೂಜಿ ಚುಚ್ಚಿದರೆ ಸೋಂಕು ಒಳಗೆ ಇಳಿದು ಮೆದುಳಿನ ಪೊರೆಯವರೆಗೂ ಹೋಗಬಹುದು, ಹುಣ್ಣು ಪೂರ್ತಿ ಮುಚ್ಚುವವರೆಗೆ ಆ ಮಾತೇ ಬೇಡ ಅಂದರು. ಹೆಂಡತಿಯ ಮನಸ್ಸು ತಿರುಗಿದ್ದು ಅಲ್ಲಿ. ಕೋಶದ ವಿಷಯ ಅವರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಹುಣ್ಣು ಹೇಗಿದೆ ಅಂತಲೂ ಕೇಳದೆ ಬನ್ನಿ ಅಂದವರನ್ನು ನಂಬಬಾರದು ಅನ್ನುವುದು ಚೆನ್ನಾಗಿ ಅರ್ಥವಾಯಿತು. ತಿಂಗಳುಗಟ್ಟಲೆ ಆ ಹುಣ್ಣನ್ನು ತೊಳೆದವರು ಅವರು.

ಹಣ ಯಾರದ್ದು, ಯಾವುದಕ್ಕೆ

ಇಷ್ಟಾದರೂ ವಿಷಯ ಮುಗಿಯಲಿಲ್ಲ. ಹಣ ಕೊಟ್ಟವರಲ್ಲಿ ಹಿರಿಯರೊಬ್ಬರು ಮನೆಗೆ ಬಂದರು. ಮಂಜಣ್ಣ ಇಪ್ಪತ್ತು ವರ್ಷ ಅವರ ತೋಟದಲ್ಲಿ ಕೊನೆ ಇಳಿಸಿದವರು. ನಾನು ಆಗ ಬರೆದಿಟ್ಟ ಖರ್ಚಿನ ಪಟ್ಟಿ ಹೀಗಿತ್ತು: ಶೌಚಾಲಯಕ್ಕೆ ಮೆಟ್ಟಿಲು ತೆಗೆದು ಇಳಿಜಾರು, ಬಚ್ಚಲಿನ ಬಾಗಿಲು ಅಗಲ ಮಾಡುವುದು, ಅಳತೆಗೆ ಮಾಡಿಸಿದ ಗಾಲಿಕುರ್ಚಿ, ಒಳ್ಳೆಯ ಕುಶನ್, ಮತ್ತು ಬೆಂಗಳೂರಿನ ಪುನಶ್ಚೇತನ ಕೇಂದ್ರವೊಂದರಲ್ಲಿ ಎರಡು ತಿಂಗಳ ತರಬೇತಿ. ಅವರು ಪಟ್ಟಿ ಓದಿ ನಿಧಾನಕ್ಕೆ ಹೇಳಿದರು:

"ಊರವ್ರು ಹಣ ಕೊಟ್ಟಿದ್ದು ಅವ ಎದ್ದು ನಡೀಲಿ ಅಂತ. ಬಚ್ಚಲು ಕಟ್ಟಿಸೂಕೆ ಅಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ದಾನದ ಹಣದ ಜೊತೆ ಒಂದು ಆಸೆಯೂ ಬಂದಿರುತ್ತದೆ. ಆ ಹಣದಲ್ಲಿ ಗಾಲಿಕುರ್ಚಿ ಕೊಂಡರೆ ಮಂಜಣ್ಣ ಕೈಚೆಲ್ಲಿದ ಹಾಗೆ ಊರಿಗೆ ಕಾಣುತ್ತದೆ. ಮಂಜಣ್ಣನಿಗೂ ಅದೇ ಸಂಕಟ ಇತ್ತು. "ನಾ ಪ್ರಯತ್ನನೇ ಮಾಡ್ಲಿಲ್ಲ ಅಂತಾರೆ ಎಲ್ಲ" ಅಂತ ಒಂದೆರಡು ಸಲ ಹೇಳಿದ್ದರು. ಇಂಥ ಕುಟುಂಬಗಳು ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಹೋಗುವುದು ಎಷ್ಟೋ ಸಲ ನಂಬಿಕೆಯಿಂದಲ್ಲ, ಹೀಗೆ ಊರಿಗೆ ಮುಖ ತೋರಿಸುವುದು ಹೇಗೆ ಅನ್ನುವ ಭಾರಕ್ಕೆ. ಚಿಕಿತ್ಸೆಯ ಚರ್ಚೆಯಲ್ಲಿ ಈ ಭಾರದ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತಾಡಬೇಕು.

ಒಂದು ಭಾನುವಾರ ಎಲ್ಲರೂ ಕೂತರು. ಭಾವ ಗೋವಾದಿಂದ ಬಂದಿದ್ದರು. "ಹಾಕಿಸಿದ್ರೆ ಹೋಗೂದೆಂತ? ಆಗದಿದ್ರೆ ಈಗಿದ್ದ ಹಾಗೇ ಇರ್ತಾನೆ ಅಲ್ವಾ?" ಅನ್ನುವುದು ಅವರ ವಾದ.

ಈಗಿದ್ದ ಹಾಗೇ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ. ಅಮೆರಿಕದ ಯುವತಿಯೊಬ್ಬಳು ಬೆನ್ನುಹುರಿ ಪೆಟ್ಟಿಗೆ ಪೋರ್ಚುಗಲ್‌ನಲ್ಲಿ ಮೂಗಿನ ಒಳಪದರದ ಕೋಶ ಹಾಕಿಸಿಕೊಂಡಿದ್ದಳು. ಎಂಟು ವರ್ಷದ ನಂತರ ಬೆನ್ನು ನೋವು ಜಾಸ್ತಿಯಾಗಿ ಆಪರೇಷನ್ ಮಾಡಿ ನೋಡಿದರೆ, ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದು ಮೂಗಿನ ಸಿಂಬಳದಂಥ ದ್ರವ ಸುರಿಸುತ್ತಿತ್ತು. 2014ರಲ್ಲಿ ವೈದ್ಯರು ಇದನ್ನು ವರದಿ ಮಾಡಿದರು. ಪಾರ್ಶ್ವವಾಯುವಿಗೆ ಅಂತ ಮೂರು ದೇಶಗಳಲ್ಲಿ ಸ್ಟೆಮ್ ಸೆಲ್ ಹಾಕಿಸಿಕೊಂಡ ಒಬ್ಬರಿಗೆ ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದದ್ದು 2016ರಲ್ಲಿ ವರದಿಯಾಯಿತು. ಬೆಳೆಯುವ ಶಕ್ತಿ ಇರುವುದೇ ಸ್ಟೆಮ್ ಸೆಲ್‌ನ ಗುಣ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿರುತ್ತದೆ ಅನ್ನುವುದನ್ನು ವರ್ಷಗಟ್ಟಲೆ ಪರೀಕ್ಷಿಸಿಯೇ ಹೇಳಬೇಕು.

ಇದನ್ನು ಹೇಳಿದಾಗ ಭಾವ ಸುಮ್ಮನೆ ಕೇಳಿದರು, ಒಪ್ಪಲಿಲ್ಲ. ಅವರು ಒಪ್ಪಿದ್ದು ಮಗಳ ಮಾತಿಗೆ. ಅವಳು ಬೇರೆ ಬೇರೆ ದೇಶಗಳ ಟ್ರಯಲ್‌ಗಳಲ್ಲಿ ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಅಂತ ಓದಿಟ್ಟಿದ್ದಳು. ಮೊದಲೇ ಬೇರೆ ಕಡೆ ಕೋಶ ಹಾಕಿಸಿಕೊಂಡವರನ್ನು ಅನೇಕ ಟ್ರಯಲ್‌ಗಳು ಸೇರಿಸಿಕೊಳ್ಳುವುದಿಲ್ಲ. ಬೆಡ್ ಸೋರ್ ಇದ್ದವರನ್ನು, ಮೂತ್ರದ ಸೋಂಕು ಇದ್ದವರನ್ನು ಸೇರಿಸಿಕೊಳ್ಳುವುದಿಲ್ಲ. ಕೀಲುಗಳು ಬಿಗಿದು ಕಾಲು ಮಡಚಿಹೋಗಿದ್ದರೆ, ನರ ಸರಿಹೋದರೂ ನಿಲ್ಲುವುದು ಹೇಗೆ?

"ಮಾವ, ನಾಳೆ ನಿಜವಾದ ಔಷಧ ಬಂದಾಗ ಅಪ್ಪ ಅದಕ್ಕೆ ಸೇರೂ ಹಂಗೆ ಇರ್ಬೇಕು. ಈಗ ಇದನ್ನ ಹಾಕಿಸಿದ್ರೆ ಆ ಬಾಗಿಲು ನಾವೇ ಹಾಕ್ಕೊಂಡಂಗೆ ಆಗ್ತದೆ" ಅಂದಳು.

ಅಲ್ಲಿಯವರೆಗೆ ಚರ್ಚೆ ನಡೆದಿದ್ದು ಸ್ಟೆಮ್ ಸೆಲ್ ಬೇಕೋ ಗಾಲಿಕುರ್ಚಿ ಬೇಕೋ ಅಂತ. ಒಂದು ಆಸೆ, ಇನ್ನೊಂದು ಆಸೆ ಬಿಟ್ಟಿದ್ದು ಅನ್ನುವ ಹಾಗೆ. ಅವಳ ಮಾತಿನ ನಂತರ ಬಚ್ಚಲು, ಕುಶನ್, ವ್ಯಾಯಾಮ ಎಲ್ಲವೂ ಆಸೆಯ ಕಡೆಗೇ ಬಂದವು. ಹಿರಿಯರು ಪಟ್ಟಿಯನ್ನು ಮತ್ತೊಮ್ಮೆ ತೆಗೆದುಕೊಂಡು, "ಮೇಸ್ತ್ರಿಗೆ ನಾ ಹೇಳ್ತೆ" ಅಂದರು.

ಆಮೇಲೆ ಆದದ್ದು

ಹುಣ್ಣು ಮುಚ್ಚಿದ ಮೇಲೆ ಬೆಂಗಳೂರಿಗೆ ಹೋದರು. ಖಾಯಂ ಪೈಪ್ ತೆಗೆಸಿ, ನಾಲ್ಕೈದು ತಾಸಿಗೊಮ್ಮೆ ತಾವೇ ಪೈಪ್ ಹಾಕಿ ಮೂತ್ರ ತೆಗೆಯುವುದನ್ನು ಕಲಿತರು. ಇದರಿಂದ ಸೋಂಕು ಕಡಿಮೆಯಾಗುತ್ತದೆ, ಕಿಡ್ನಿ ಉಳಿಯುತ್ತದೆ. ಬೆನ್ನುಹುರಿ ಪೆಟ್ಟಾದವರ ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ಕಾಲಲ್ಲ, ಮೂತ್ರದ ಸೋಂಕು ಮತ್ತು ಬೆಡ್ ಸೋರ್. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಕೈಬಲದಲ್ಲೇ ದಾಟುವುದು ಬಂತು. ಮರ ಹತ್ತಿದ ತೋಳು ಅಲ್ವಾ, ಅಲ್ಲಿನ ತರಬೇತುದಾರರೇ ಬೆರಗಾದರಂತೆ.

ಅಲ್ಲಿ ಅವರಿಗೆ ಯಾರೋ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರ ಬಗ್ಗೆ ಹೇಳಿದ್ದರು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಆ ವೈದ್ಯೆ, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ಆಮೇಲೆ ವೆಲ್ಲೂರಿನಲ್ಲಿ ಪುನಶ್ಚೇತನ ಸಂಸ್ಥೆ ಕಟ್ಟಿದರು, ಅದು 1966ರಲ್ಲಿ ಶುರುವಾಯಿತು. ಮಂಜಣ್ಣ ಊರಿಗೆ ಬಂದ ಮೇಲೆ ಈ ಕಥೆಯನ್ನು ನನಗೇ ಹೇಳಿ, "ಕೂತ್ಕೊಂಡು ಮಾಡೂ ಕೆಲಸ ನಂಗೂ ಒಂದು ಹುಡುಕ್ಬೇಕು" ಅಂದರು.

ಅಡಿಕೆ ಸುಲಿಯುವುದು ಕೂತೇ ಮಾಡುವ ಕೆಲಸ. ಆದರೆ ಸುಲಿಯುವ ಕತ್ತಿಯ ಮಣೆಯನ್ನು ಕಾಲಿನಲ್ಲಿ ಒತ್ತಿ ಹಿಡಿಯಬೇಕು. ಅವರ ಕಾಲಿಗೆ ಅದು ಆಗುವುದಿಲ್ಲ. ಮಗ ಮತ್ತು ಊರಿನ ಬಡಗಿ ಸೇರಿ ಗಟ್ಟಿಯಾದ ಗಿಡ್ಡ ಮೇಜೊಂದಕ್ಕೆ ಕತ್ತಿಯ ಮಣೆಯನ್ನು ಎರಡು ಬೋಲ್ಟ್ ಹಾಕಿ ಕೂರಿಸಿದರು. ಗಾಲಿಕುರ್ಚಿ ಅದರ ಅಡಿಗೆ ಸರಿಯಾಗಿ ಹೋಗುವಷ್ಟು ಎತ್ತರ. ಮೊದಲ ವಾರ ಕೆಲಸದ ಹುಮ್ಮಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಮತ್ತೆ ಚರ್ಮ ಕೆಂಪಾಯಿತು. ಈಗ ಒಂದು ಸಣ್ಣ ಬುಟ್ಟಿ ತುಂಬಿದ ಹಾಗೆಲ್ಲ ಎರಡೂ ಕೈ ಊರಿ ಮೈ ಎತ್ತಿ, ಎದೆ ಮುಂದೆ ಬಾಗಿಸಿ ಒಂದೆರಡು ನಿಮಿಷ ಇರುತ್ತಾರೆ. ಗಡಿಯಾರ ನೋಡಿ ಎತ್ತಿ ಅಂತ ಎಷ್ಟು ಹೇಳಿದರೂ ಆಗಿರಲಿಲ್ಲ, ಬುಟ್ಟಿಯ ಲೆಕ್ಕ ಹಿಡಿಯಿತು.

ಇನ್ನೊಂದು ವಿಷಯವನ್ನು ಬರೆಯಲೇಬೇಕು. ಪೆಟ್ಟಾಗಿ ಹನ್ನೊಂದು ತಿಂಗಳ ಹೊತ್ತಿಗೆ ಹೊಕ್ಕುಳಿನ ಕೆಳಗೆ ಎರಡು ಬೆರಳಿನಷ್ಟು ಜಾಗದಲ್ಲಿ ಪಿನ್ ತಾಗಿಸಿದ್ದು ಗೊತ್ತಾಗತೊಡಗಿತು. ಮೊದಲು ಅಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಹಬ್ಬದ ಸಂಭ್ರಮ. ಇದು ದೇಹ ತಾನಾಗಿ ಮಾಡಿಕೊಂಡ ರಿಪೇರಿ. ಮೊದಲ ವರ್ಷದಲ್ಲಿ ಪೆಟ್ಟಿನ ಅಂಚಿನಲ್ಲಿ ಹೀಗೆ ಸ್ವಲ್ಪ ಮರಳುವುದು ಅಪರೂಪವೇನಲ್ಲ. ಏಪ್ರಿಲ್‌ನಲ್ಲಿ ಆ ಇಂಜೆಕ್ಷನ್ ಹಾಕಿಸಿದ್ದರೆ? ಎಲ್ಲರೂ, ಮಂಜಣ್ಣನೂ ಸೇರಿ, ಇಂಜೆಕ್ಷನ್‌ನಿಂದಲೇ ಬಂತು ಅನ್ನುತ್ತಿದ್ದರು. ಎರಡನೇ ಡೋಸ್‌ಗೆ ತೋಟ ಅಡವಿಗೆ ಹೋಗುತ್ತಿತ್ತು. ಅವರ ವಿಡಿಯೋ ಇನ್ನೊಂದು ಮನೆಯ ವಾಟ್ಸಾಪಿಗೆ ಹೋಗುತ್ತಿತ್ತು. ಚಿಕಿತ್ಸೆ ಪಡೆದವರನ್ನು ಪಡೆಯದವರ ಜೊತೆ ಹೋಲಿಸಿ ನೋಡದೆ ಒಬ್ಬರ ಸುಧಾರಣೆಯಿಂದ ಏನನ್ನೂ ತೀರ್ಮಾನಿಸಲಾಗದು ಅನ್ನುವುದು ಈ ಕಾರಣಕ್ಕೇ. ಕೀಯೋ ತಂಡದವರೂ ನಾಲ್ವರ ಫಲಿತಾಂಶ ಇಟ್ಟುಕೊಂಡು ಗುಣವಾಯಿತು ಅನ್ನಲಿಲ್ಲ, ಇನ್ನೂ ದೊಡ್ಡ ಪರೀಕ್ಷೆ ಬೇಕು ಅಂದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಆ ಮಾತಿಗೆ.

ಈ ಪ್ರಕರಣದಿಂದ ನಾನು ಬೇರೆ ಮನೆಗಳಿಗೆ ಒಯ್ಯುವುದು

ಸ್ಟೆಮ್ ಸೆಲ್ ಬಗ್ಗೆ ಕೇಳಿದವರಿಗೆ ಬೇಡ ಅಂತ ಮೊದಲೇ ಹೇಳುವುದಿಲ್ಲ. ಫೋನ್ ಮಾಡಿ ಕೇಳಿ ಅನ್ನುತ್ತೇನೆ: ಯಾವ ಕೋಶ, ಎಲ್ಲಿಂದ, ಎಲ್ಲಿಗೆ, ಪೆಟ್ಟಾಗಿ ಎಷ್ಟು ದಿನದೊಳಗೆ, ನೋಂದಣಿ ಇದೆಯಾ, ದುಡ್ಡು ಯಾಕೆ. ಉತ್ತರವನ್ನು ಮನೆಯವರೇ ಕಿವಿಯಾರೆ ಕೇಳಿದರೆ ನಾನು ಹೇಳುವುದು ಜಾಸ್ತಿ ಇರುವುದಿಲ್ಲ. ಹಣ ಕೊಟ್ಟವರನ್ನೂ ಮಾತಿಗೆ ಕರೆಯಬೇಕು. ಅವರನ್ನು ಬಿಟ್ಟು ತೀರ್ಮಾನ ಮಾಡಿದರೆ ಆ ಭಾರ ರೋಗಿಯ ತಲೆ ಮೇಲೇ ಉಳಿಯುತ್ತದೆ. ಮತ್ತೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲ ತಿಂಗಳಲ್ಲೇ ಕಾಣಬೇಕು. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್, ಮಾಸಾಶನ, ಬಸ್ ಪಾಸ್ ಎಲ್ಲ ಅವರ ಮೂಲಕ ಬೇಗ ಆಗುತ್ತದೆ. ಮಂಜಣ್ಣನ ಮನೆಗೆ ಈ ವಿಷಯ ಗೊತ್ತಾಗುವಷ್ಟರಲ್ಲಿ ವರ್ಷ ಹತ್ತಿರ ಬಂದಿತ್ತು.

ಮಗಳು ಒಂದು ಫೈಲ್ ಮಾಡಿಟ್ಟಿದ್ದಾಳೆ. ಎಂಆರ್‌ಐ, ಆಪರೇಷನ್ ವಿವರ, ಆರು ತಿಂಗಳಿಗೊಮ್ಮೆ ಮಾಡುವ ಎಐಎಸ್ ಪರೀಕ್ಷೆ, ಮೂತ್ರದ ರಿಪೋರ್ಟ್, ಎಲ್ಲ ದಿನಾಂಕದ ಪ್ರಕಾರ. ಹಳೆಯ ಪೆಟ್ಟಿಗೂ ಸೇರಿಸಿಕೊಳ್ಳುವ ಟ್ರಯಲ್ ಭಾರತದಲ್ಲಿ ಶುರುವಾದರೆ ಅರ್ಜಿ ಹಾಕಲು ತಯಾರಿ ಅದು. ತಿಂಗಳಿಗೊಮ್ಮೆ ಕೂತು ನೋಂದಣಿ ಪಟ್ಟಿ ಹುಡುಕುತ್ತಾಳೆ. ಕಾಲಿನ ಸ್ನಾಯು ತಾನಾಗಿ ಸೆಟೆದುಕೊಳ್ಳುವ ಸ್ಪಾಸಮ್‌ಗೆ ಬ್ಯಾಕ್ಲೋಫೆನ್ ಮಾತ್ರೆ ಮುಂದುವರಿದಿದೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಇಳಿಜಾರಿಗೆ ಪಾಚಿ ಕಟ್ಟುತ್ತದೆ ಅಂತ ಮೇಸ್ತ್ರಿ ಗೀರು ಹಾಕಿಕೊಟ್ಟಿದ್ದಾರೆ. ತ್ರಿಚಕ್ರ ವಾಹನಕ್ಕೆ ಹಾಕಿದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಭಾವ ಈಗಲೂ ವಿಡಿಯೋ ಕಳಿಸುತ್ತಾರೆ, ಕೆಳಗೆ "ನಂಬರ್ ಇದ್ಯಾ ನೋಡೆ ತಂಗಿ" ಅಂತ ಬರೆದು.